ನಡುವಿನ ಬಟ್ಟೆಯ ಮೇಲೆ ಬರೆದದ್ದು

ಮಾರ್ಚ್ 3, ಸೋಮವಾರ. ಬೆಳಗ್ಗೆ 7

ಕ್ಯಾನ್ವಾಸನ್ನು ಎರಡನೇ ಸಲ ನೀರಿಗೆ ಹಾಕಿದೆ. ನಿನ್ನೆ ನೆನೆಸಿದ್ದು ಸಾಲದು, ಹಿಂಡಿದರೆ ಇನ್ನೂ ಗಂಜಿ ಬಿಡುತ್ತಿತ್ತು. ನೆನೆಸದೆ ಕೋಟಿನೊಳಗೆ ಇಟ್ಟರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ. ಮೇಲಿನ ಬಟ್ಟೆ ಕುಗ್ಗುವುದಿಲ್ಲ. ಎದೆಯೆಲ್ಲ ಮುದುಡಿ ವಕೀಲರು ಕೋರ್ಟಿನಲ್ಲಿ ಒದ್ದೆ ಕೋಳಿಯ ಹಾಗೆ ಕಾಣುತ್ತಾರೆ. ಆಮೇಲೆ ಬೈಗುಳ ನನಗೆ.

ವಕೀಲರ ಕೋಟು ಶನಿವಾರಕ್ಕೆ. ಎಡ ಎದೆ ಮುಗಿಯಿತು, ನೀರಿನಲ್ಲಿರುವುದು ಬಲದ್ದು. ಮೇಲಿನ ಬಟ್ಟೆಗೂ ಲೈನಿಂಗಿಗೂ ನಡುವೆ ಇರುವ ಕ್ಯಾನ್ವಾಸ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅಣ್ಣ ಅಲ್ಲಿ ಪೆನ್ಸಿಲಿನಲ್ಲಿ ಅಳತೆ ಬರೆಯುತ್ತಿದ್ದ, ಅಷ್ಟೇ. ನಾನು ಅಳತೆಯ ಕೆಳಗೆ ಒಂದೆರಡು ಸಾಲು ಸೇರಿಸುತ್ತೇನೆ. ಇಪ್ಪತ್ತೇಳು ವರ್ಷದ ಚಟ. ವಕೀಲರಿಗೆ ಬರೆದದ್ದು — “ಹೊಟ್ಟೆ 42. ಉಸಿರು ಹಿಡಿದುಕೊಂಡು 40. ಟೇಪಿನ ಮುಂದೆಯೂ ಸುಳ್ಳು.”

ಅವರು ಅದನ್ನು ಎದೆಗೊತ್ತಿಕೊಂಡು ನ್ಯಾಯ ಕೇಳಲಿ.

ಅದೇ ದಿನ, ಮಧ್ಯಾಹ್ನ

ಅತ್ತಿಗೆ ಒಂದು ಚೀಟಿ ತಂದು ಮೇಜಿನ ಮೇಲೆ ಇಟ್ಟರು. ಕಿಟಕಿಯ ಅಳತೆ.

“ಎರಡು ಕಿಟಕಿ, ನಾಲ್ಕು ಪರದೆ. ನೀನೇ ಹೊಲಿ ಕಣೇ.”

“ನಾನು ಕೋಟಿನವಳು. ಪರದೆ ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ.”

“ಇದ್ದಾರೆ. ನಂಗೆ ನಿನ್ನ ಕೈಯಿಂದಾನೇ ಆಗ್ಬೇಕು.”

ಅಷ್ಟು ಬೇಕಾಗಿದ್ದರೆ ಇಲ್ಲೇ ಇರಿ — ಬಾಯಿಗೆ ಬಂದಿತ್ತು. ನುಂಗಿದೆ.

ಕಿಟಕಿ ಕನ್ನಡಕದ ಮನೆಯದು. ಕನ್ನಡಕ ಅಂದರೆ ಬ್ಯಾಂಕಿನ ಪಕ್ಕ ಕನ್ನಡಕದ ಅಂಗಡಿ ಇಟ್ಟಿರುವವನು, ಹೆಂಡತಿ ಹೋಗಿ ಆರು ವರ್ಷ. ಅಣ್ಣ ಹೋಗಿ ನಾಲ್ಕು. ಏಪ್ರಿಲ್ 10ಕ್ಕೆ ಅವನೂ ಅತ್ತಿಗೆಯೂ ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆಯ ಸಹಿ ಹಾಕುತ್ತಾರೆ. ಅತ್ತಿಗೆ ಆ ಮನೆಗೆ. ಇಲ್ಲಿ ಕೆಳಗೆ ಅಂಗಡಿ, ಮೇಲೆ ಎರಡು ರೂಮು, ಎರಡಕ್ಕೂ ನಾನೊಬ್ಬಳು. ಹಗಲು ಬೇಕಾದರೆ ಬಟ್ಟೆ ತೀಡಲು ಬರುವ ಇಸ್ತ್ರಿ ಮಾಮ. ಮಾತಾಡಿದರೆ ಅವನ ಮಂಡಿನೋವಿನ ಮಾತು.

ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ. ಅವರು ಮುಂದೆ ಗಿರಾಕಿಗಳ ಹತ್ತಿರ ನಗುವುದು, ನಾನು ಹಿಂದೆ ಹೊಲಿಯುತ್ತ ಬೈಯುವುದು. ಅಂಗಡಿ ನಡೆದದ್ದೇ ಹಾಗೆ.

ಮಾರ್ಚ್ 5

ಬಟ್ಟೆಯ ಅಂಗಡಿಗೆ ಹೋದೆವು. ನಾನು ಕಡು ಹಸಿರು ಎಂದೆ. ಅತ್ತಿಗೆಗೆ ಕೆನೆ ಬಣ್ಣವೇ ಬೇಕು.

“ಕೊಳೆ ಕಾಣುತ್ತೆ ಅತ್ತಿಗೆ.”

“ಕಂಡ್ರೆ ಒಗೀತೀನಿ. ನಂಗೆ ಬೆಳಕು ಬೇಕು. ನಿಮ್ಮಣ್ಣನ ಕಾಲದಿಂದ ಬರೀ ಕರೀ ಕೋಟು, ಬೂದು ಕೋಟು ನೋಡಿ ನೋಡಿ ಸಾಕಾಗಿದೆ.”

ಕನ್ನಡಕದ ಮನೆಯ ಮುಂದೆ ಬಸ್ಸಿನ ರಸ್ತೆ. ಅದಕ್ಕೆ ನಡುವೆ ದಪ್ಪ ಇಂಟರ್‌ಲೈನಿಂಗ್ ಬೇಕು. ಕೋಟಿನ ಕ್ಯಾನ್ವಾಸಿನ ಹಾಗೆ ಒರಟಲ್ಲ ಇದು, ಹೆಚ್ಚುಕಡಿಮೆ ಕಂಬಳಿ. ಸದ್ದು ತಡೆಯುತ್ತದೆ, ಚಳಿ ತಡೆಯುತ್ತದೆ. ಪರದೆಗೆ ಮೈ ಬರುತ್ತದೆ, ನೆರಿಗೆ ತುಂಬಿಕೊಂಡು ನಿಲ್ಲುತ್ತದೆ. ಅದಿಲ್ಲದ ಪರದೆ ಹಸಿದವರ ಹೊಟ್ಟೆಯ ಹಾಗೆ. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ ಒಳ್ಳೆಯದನ್ನೇ ಆರಿಸಿದೆ. ಕೆಟ್ಟದ್ದು ಆರಿಸಬಹುದಿತ್ತು, ಕೈ ಕೇಳಲಿಲ್ಲ.

ಮಾರ್ಚ್ 7, ಶುಕ್ರವಾರ

ಅತ್ತಿಗೆ ಕನ್ನಡಕದ ಜೊತೆ ಪಾತ್ರೆ ನೋಡಲು ಹೋದರು. ಇಸ್ತ್ರಿ ಮಾಮನಿಗೆ ರಜೆ. ಅಂಗಡಿಯಲ್ಲಿ ನಾನೊಬ್ಬಳೇ.

ಕೆನೆ ಬಟ್ಟೆಯನ್ನು ಮಗುಚಿ ಮೇಜಿನ ಮೇಲೆ ಹಾಸಿ ಅದರ ಮೇಲೆ ನಡುವಿನ ಬಟ್ಟೆ ಹರಡಿದೆ. ಅಳತೆ ಬರೆಯಲು ಹೋದರೆ ಪೆನ್ಸಿಲ್ ಮೂಡುತ್ತಿಲ್ಲ, ಅಷ್ಟು ನಯ. ಪಾರ್ಸೆಲ್ ಮೇಲೆ ವಿಳಾಸ ಬರೆಯುವ ಕಪ್ಪು ಮಾರ್ಕರ್ ತೆಗೆದುಕೊಂಡೆ. ಚೆನ್ನಾಗಿ ಮೂಡಿತು. ಚೆನ್ನಾಗಿ ಮೂಡಿದರೆ ನನ್ನ ಕೈ ಎಲ್ಲಿ ನಿಲ್ಲುತ್ತದೆ.

ಮೊದಲನೆಯ ಪರದೆಗೆ — “ಅಗಲ 54, ಉದ್ದ 90. ಇಷ್ಟೊಂದು ಬಟ್ಟೆ ಇವನ ಮನೆಗೆ!”

ಎರಡನೆಯದಕ್ಕೆ — “ಕಿವಿಯಲ್ಲಿ ಅಷ್ಟು ಕೂದಲು ಇಟ್ಟುಕೊಂಡವನಿಗೆ ಬಸ್ಸಿನ ಸದ್ದು ಹೇಗೆ ಕೇಳುತ್ತದೆ?”

ಮೂರನೆಯದಕ್ಕೆ... ಇಲ್ಲಿಯೂ ಬರೆಯುತ್ತೇನೆ. ಇಲ್ಲಿಯೂ ಯಾರೂ ನೋಡುವವರಿಲ್ಲ.

“ಅತ್ತಿಗೆ, ಹೋದ ವರ್ಷವೇ ಇವನು ನಿನ್ನನ್ನು ಕೇಳಿದ್ದ. ನಿನಗೆ ಇಷ್ಟವಿಲ್ಲ ಎಂದು ನಾನೇ ಹೇಳಿ ಮುಗಿಸಿದೆ. ನಿನ್ನನ್ನು ಕೇಳಲೇ ಇಲ್ಲ.”

ಅವರಿಗೆ ಜನ್ಮದಲ್ಲಿ ನೀನು ಅಂದವಳಲ್ಲ. ಬಟ್ಟೆಯ ಮೇಲೆ ಅಂದುಬಿಟ್ಟೆ.

ನಡೆದದ್ದು ಇಷ್ಟೇ. ಹೋದ ವರ್ಷ ಫೆಬ್ರವರಿ ಒಂಬತ್ತು. ಅತ್ತಿಗೆ ಬ್ಯಾಂಕಿಗೆ ಹೋಗಿದ್ದರು. ಕನ್ನಡಕ ಬಂದು ಬಾಗಿಲಲ್ಲೇ ನಿಂತು ಟೋಪಿ ತಿರುಗಿಸುತ್ತ, “ನೀವು ಅವರನ್ನ ಒಂದು ಮಾತು ಕೇಳಿ ಹೇಳ್ತೀರಾ?” ಎಂದ. ಕೇಳುತ್ತೇನೆ ಎಂದೆ. ಎರಡು ದಿನ ಬಿಟ್ಟು ನಾನೇ ಅವನ ಅಂಗಡಿಗೆ ಹೋಗಿ, “ಇಷ್ಟ ಇಲ್ಲವಂತೆ” ಎಂದೆ. ಹಿಂತಿರುಗುವಾಗ ದಾರಿಯಲ್ಲಿ ಎರಡು ರೀಲು ದಾರ ಕೊಂಡೆ. ನೆನಪಿದೆ — ಒಂದು ಕಪ್ಪು, ಒಂದು ಕಂದು.

ಈ ಜನವರಿಯಲ್ಲಿ ಅತ್ತಿಗೆಗೆ ಕಣ್ಣು ಮಂಜು ಮಂಜು ಎಂದು ಅಲ್ಲಿಗೇ ಹೋದೆವು. ನಾನು ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿದ್ದೆ. ಅವರಿಬ್ಬರೂ ಮಾತಿಗೆ ಬಿದ್ದರು. ಆಮೇಲೆ ನನ್ನನ್ನು ಯಾರು ಕೇಳುತ್ತಾರೆ.

ನಾಲ್ಕನೆಯದಕ್ಕೆ ಏನೂ ಬರೆಯಲಿಲ್ಲ. ಮೈ ಹಗುರವಾಗಿತ್ತು.

ಮಾರ್ಚ್ 9

ನಡುವಿನ ಬಟ್ಟೆ ಹಿಡಿಸುವ ಹೊಲಿಗೆ. ಉದ್ದುದ್ದ, ಸಡಿಲ. ಮೇಲಿನ ಬಟ್ಟೆಯ ಒಂದೇ ಎಳೆ ಸೂಜಿಗೆ ಸಿಕ್ಕಬೇಕು, ಮುಂದಿನಿಂದ ಚುಕ್ಕೆಯೂ ಕಾಣಬಾರದು. ಬಿಗಿ ಎಳೆದರೆ ಕೆಟ್ಟಿತು. ಮೂರೂ ಪದರ ಒಂದನ್ನೊಂದು ಬಿಡದೆ, ಆದರೆ ಎಳೆಯದೆ ಇರಬೇಕು. ಮೇಲ್ಪಟ್ಟಿಗೆ ಗಟ್ಟಿ ಬಕ್ರಂ ಬಟ್ಟೆ ಇಟ್ಟು ನೆರಿಗೆ ಹಿಡಿದೆ. ನಾಲ್ಕೂ ಮುಗಿದವು. ಚೆನ್ನಾಗಿ ಬಂದಿವೆ ಎಂದು ಹೇಳಲು ಹೊಟ್ಟೆಯುರಿ.

ಮಾರ್ಚ್ 13, ಗುರುವಾರ

ತೂಗುಹಾಕಿ ಬಂದೆ. ವಾರದಿಂದ ಮೋಡ, ಹೊರಗೆ ಬೆಳಕೇ ಇಲ್ಲ.

ಕನ್ನಡಕ ಏಣಿ ಹಿಡಿದುಕೊಂಡ. ಬೇಡ ಎಂದರೂ ಹಿಡಿದುಕೊಂಡ. “ಬಸ್ ಹೋದದ್ದೇ ಗೊತ್ತಾಗ್ಲಿಲ್ಲ ನೋಡಿ” ಎಂದು ಮಗುವಿನ ಹಾಗೆ ಖುಷಿಪಟ್ಟ. ಅತ್ತಿಗೆ ಪರದೆಯನ್ನು ಎಳೆದರು, ಸರಿಸಿದರು, ಮತ್ತೆ ಎಳೆದರು. ಕೆನ್ನೆಗೆ ಒತ್ತಿಕೊಂಡರು.

“ನಿನ್ನ ಕೈ ಚಿನ್ನ ಕಣೇ.”

ಮೂರನೆಯದನ್ನೇ ಒತ್ತಿಕೊಂಡದ್ದು. ಕಾಫಿ ಅರ್ಧಕ್ಕೆ ಬಿಟ್ಟು ಬಂದೆ.

ಮಾರ್ಚ್ 19, ಬುಧವಾರ. ಮಧ್ಯಾಹ್ನ 3

ಕೆಟ್ಟೆ.

ನಿನ್ನೆಯಿಂದ ಬಿಸಿಲು. ಪರದೆಯ ಮಾದರಿಗೆಂದು ಒಂದು ಅಡಿ ತುಂಡು ಹೊಲಿದಿದ್ದೆ, ಮೂರು ಪದರವೂ ಮಾರ್ಕರಿನ ಅಳತೆಯೂ ಇದ್ದದ್ದು. ಇಸ್ತ್ರಿ ಮಾಮ ಅದನ್ನು ಕಿಟಕಿಯ ದಾರಕ್ಕೆ ಸಿಕ್ಕಿಸಿದ್ದ, ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು.

“ಇದೇನು ಕತ್ತರಿ, ಒಳಗೆ ಬರ್ದಿದ್ದು ಹೊರಗೆ ಕಾಣ್ತಿದೆ?”

ಕತ್ತರಿ ಅಂದರೆ ನಾನು. ನಾಲಿಗೆ ಹಾಗಿದೆಯಂತೆ.

ತಿರುಗಿ ನೋಡಿದೆ. ಬಟ್ಟೆಯ ನಡುವೆ ಬೂದು ನೆರಳು. ದಪ್ಪಗೆ. 90 — ಉಲ್ಟಾ.

ಇಪ್ಪತ್ತೇಳು ವರ್ಷ ಕೋಟು ಹೊಲಿದವಳ ಬುದ್ಧಿ ಇಷ್ಟೇ. ಕೋಟಿನ ಒಳಗೆ ಮನುಷ್ಯ ಇರುತ್ತಾನೆ, ಅಲ್ಲಿ ಕತ್ತಲೆ. ಪರದೆಯ ಹಿಂದೆ ಕಿಟಕಿ ಇರುತ್ತದೆ! ಪರದೆ ಹೊಲಿಯುವವರು ಯಾರಾದರೂ ಈ ಕೆಲಸ ಮಾಡುತ್ತಿದ್ದರೇ? ಅದೂ ಕೆನೆ ಬಣ್ಣಕ್ಕೆ, ಅದೂ ಕಪ್ಪು ಮಾರ್ಕರಿನಲ್ಲಿ.

ಅದೇ ದಿನ, 4 ಗಂಟೆ

ಸಮಾಧಾನ ಮಾಡಿಕೊಂಡೆ. ಕೋಣೆಯಿಂದ ನೋಡಿದರೆ ಅಕ್ಷರವೆಲ್ಲ ಉಲ್ಟಾ ಕಾಣುತ್ತದೆ. ಏನೋ ಕಲೆ ಎಂದುಕೊಳ್ಳುತ್ತಾರೆ. ಉಲ್ಟಾ ಅಕ್ಷರ ಯಾರು ಓದುತ್ತಾರೆ?

4:20

ಅವನು ಓದುತ್ತಾನೆ.

ಅವನ ಅಂಗಡಿ ಗುಬ್ಬಿಗೂಡಿನಷ್ಟು. ದೂರ ಸಾಲದೆಂದು ಅಕ್ಷರದ ಬೋರ್ಡನ್ನು ಕುರ್ಚಿಯ ಹಿಂದೆ ಹಾಕಿದ್ದಾನೆ, ಎದುರಿನ ಕನ್ನಡಿಯಲ್ಲಿ ನೋಡಿ ಓದಬೇಕು. ಕನ್ನಡಿಯಲ್ಲಿ ನೆಟ್ಟಗೆ ಕಾಣಲೆಂದು ಬೋರ್ಡಿನ ಅಕ್ಷರವೆಲ್ಲ ಉಲ್ಟಾ ಬರೆದದ್ದು. ಮೂವತ್ತು ವರ್ಷದಿಂದ ಅದರ ಪಕ್ಕ ನಿಂತು ಕಡ್ಡಿ ತೋರಿಸುತ್ತಿದ್ದಾನೆ. ನೂರು ಜನರಲ್ಲಿ ಒಬ್ಬ ಓದಬಲ್ಲವನಿದ್ದರೆ ಅವನ ಮನೆಗೇ ತೂಗುಹಾಕಿ ಬಂದಿದ್ದೇನೆ.

ಕಿಟಕಿ ಪಶ್ಚಿಮಕ್ಕೆ. ಈಗ ಬಿಸಿಲು ನೇರ ಅಲ್ಲಿಗೇ ಬೀಳುತ್ತಿರಬೇಕು. ಅವನು ಏಳರವರೆಗೆ ಅಂಗಡಿಯಲ್ಲಿ. ಭಾನುವಾರ ಮಾತ್ರ ಮನೆ. ಭಾನುವಾರ ಸಂಜೆ ಅತ್ತಿಗೆ ಅಲ್ಲಿಗೆ ಹೋಗುತ್ತಾರೆ. ಇವತ್ತು ಬುಧವಾರ.

ಬಾಗಿಲಿಗೂ ಮೇಜಿಗೂ ಹತ್ತು ಸಲ ಓಡಾಡಿದೆ. ಮಾಮ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದ. ಬೈದೆ.

ಮಾರ್ಚ್ 20, ಗುರುವಾರ

ಬೆಳಗ್ಗೆ ಹತ್ತಕ್ಕೆ ಅವನ ಅಂಗಡಿಗೆ ಹೋದೆ. ಅಂಚು ಸರಿಯಾಗಿ ಕೂತಿಲ್ಲ, ಒಂದು ಪರದೆ ಬಿಚ್ಚಿಕೊಂಡು ಹೋಗುತ್ತೇನೆ, ಕೀಲಿ ಕೊಡಿ ಎಂದೆ. ಕೀಲಿ ಕೊಡಲಿಲ್ಲ. ಅಂಗಡಿಗೆ ಬಾಗಿಲು ಹಾಕಿ ತಾನೇ ಜೊತೆಗೆ ಬಂದ. ಕಿವಿಯ ಕೂದಲು ನೀಟಾಗಿ ಕತ್ತರಿಸಿಕೊಂಡಿದ್ದ. ಮದುವೆಯ ಉಮೇದು ಅಂದುಕೊಂಡೆ.

ನಾಲ್ಕೂ ಪರದೆ ಪಕ್ಕಕ್ಕೆ ಸರಿಸಿ ಪಟ್ಟಿ ಕಟ್ಟಿದ್ದ. ನಾನು ಏಣಿ ಎಲ್ಲಿ ಎಂದೆ.

“ಮೂರನೇದು ತಾನೇ?”

ಪಟ್ಟಿ ಬಿಚ್ಚಲು ಹೋದ ಕೈ ಹಿಂದಕ್ಕೆ ತೆಗೆದೆ.

“ಮೊನ್ನೆ ಶೀತ ಅಂತ ಮನೇಲೇ ಮಲಗಿದ್ದೆ. ಸಂಜೆ ಬಿಸಿಲು ಬಂತು. ಮೊದಲನೇದು ಓದಿ ನಗು ಬಂತು. ಎರಡನೇದು ಓದಿ ಎದ್ದು ಹೋಗಿ ಕನ್ನಡಿ ನೋಡ್ಕೊಂಡೆ, ನೀವು ಬರ್ದಿದ್ದು ನಿಜ. ಮೂರನೇದು ಓದಿ ಕೂತ್ಕೊಂಡುಬಿಟ್ಟೆ.”

ನಾನು ಕಿಟಕಿಯ ಕಡೆ ತಿರುಗಿದೆ.

“ನೀವು ಬಂದು ಹೇಳಿದ್ಮೇಲೆ ನಿಮ್ಮ ಬೀದೀಲಿ ಬರೋದೇ ಬಿಟ್ಟಿದ್ದೆ. ದರ್ಜಿ ಅಂಗಡಿ ಮುಂದೆ ಹಾದುಹೋದ್ರೆ ಅವರಿಗೆ ಮುಜುಗರ ಆಗುತ್ತೇನೋ ಅಂತ. ಒಂದು ವರ್ಷ ಮನೆಗೆ ಸುತ್ತು ಹಾಕ್ಕೊಂಡು ಬರ್ತಿದ್ದೆ.”

ಒಂದು ಕೂಗಾದರೂ ಹಾಕಬಾರದೇ ಈ ಮನುಷ್ಯ? ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಅದಾದರೆ ನನಗೆ ಬರುತ್ತದೆ.

“ಬಿಚ್ಚಿಕೊಡಿ” ಎಂದೆ. “ಬೇರೆ ಬಟ್ಟೆ ಇಟ್ಟು ಹೊಲಿದುಕೊಡ್ತೀನಿ.”

“ತಗೊಂಡು ಹೋಗಿ, ನಾನು ತಡೆಯಲ್ಲ. ಆದ್ರೆ ಓದಿ ಆಯ್ತಲ್ಲ ನಾನು. ಓದಿಲ್ಲ ಅಂತ ಅವರ ಜೊತೆ ಸಂಸಾರ ಮಾಡೋಕೆ ನನ್ನಿಂದ ಆಗಲ್ಲ. ಸಹಿ ಹಾಕೋ ಮುಂಚೆ ಅವರಿಗೆ ಗೊತ್ತಾಗ್ಬೇಕು. ನೀವೇ ಹೇಳಿ. ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ.”

“ಹೇಳ್ದಿದ್ರೆ?”

ಪಟ್ಟಿ ಕಟ್ಟಿದ ಪರದೆಯ ಕಡೆ ನೋಡಿದರು. “ಯಾವತ್ತಾದ್ರೂ ಎಳೀಲೇಬೇಕಲ್ಲಮ್ಮ.”

ಪರದೆ ತೆಗೆದುಕೊಳ್ಳದೆ ಬಂದೆ. ಇನ್ನು ಅವರನ್ನು ಅವನು, ಇವನು ಎಂದು ಬರೆಯಲು ಕೈ ಬರುತ್ತಿಲ್ಲ. ಅದೂ ಒಂದು ಸಿಟ್ಟು.

ಮಾರ್ಚ್ 22

ಹೇಳಲಿಲ್ಲ.

ಅತ್ತಿಗೆಗೆ 10ನೇ ತಾರೀಖಿಗೆ ಹಾಕಿಕೊಳ್ಳಲು ತಿಳಿ ಬೂದು ಕೋಟು ಶುರು ಮಾಡಿದೆ. ಬೂದು ಸಾಕಾಗಿದೆ ಎಂದವರೇ ಬೂದು ಆರಿಸಿದರು, “ನಿಮ್ಮಣ್ಣನಿಗೆ ಇಷ್ಟ ಇತ್ತು” ಎಂದು. ಇವರು ಹೊರಟಿರುವುದು ಎಲ್ಲಿಗೆ, ಮಾತು ಯಾರದು. ಕ್ಯಾನ್ವಾಸ್ ನೆನೆಸಿಟ್ಟೆ. ಇದರಲ್ಲಿ ಅಳತೆಯನ್ನೂ ಬರೆಯುವುದಿಲ್ಲ. ಆಣೆ.

ಮಾರ್ಚ್ 23, ಭಾನುವಾರ

ಅತ್ತಿಗೆ ಅಲ್ಲಿಗೆ ಹೋಗಿ ಬಂದರು. ಮೆಟ್ಟಿಲು ಹತ್ತುವ ಸದ್ದು ಕೇಳಿ ಸೂಜಿ ಕೆಳಗಿಟ್ಟೆ. ನಗುತ್ತಲೇ ಬಂದರು.

“ಕನ್ನಡಕದವರು ಪರದೆ ಎಳೆಯೋಕೇ ಬಿಡಲ್ಲ ಕಣೇ. ಬಿಸಿಲು ಬೇಕಂತೆ. ನೀನು ಅಷ್ಟು ಕಷ್ಟಪಟ್ಟು ಹೊಲ್ದಿದ್ದೀಯ, ಇವರು ಕಟ್ಟಿಹಾಕಿ ಕೂತಿದಾರೆ!”

ನನಗಾಗಿ ಇಡೀ ಸಂಜೆ ಬಿಸಿಲಲ್ಲಿ ಕೂತಿದ್ದಾರೆ. ಅವರು ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿತ್ತು.

ಮಾರ್ಚ್ 25

“ಅತ್ತಿಗೆ, ಒಂದು ಮಾತು” ಎಂದೆ. “ಹೇಳು” ಎಂದರು. “ಗುಂಡಿ ಮರದ್ದು ಬೇಕಾ, ಕೊಂಬಿಂದಾ?”

ಮರದ್ದಂತೆ.

ಮಾರ್ಚ್ 28

ಮುಳ್ಳಿನ ಮೇಲೆ ಕೂತ ಹಾಗಿದೆ. ವಕೀಲರ ತಮ್ಮನ ಕೋಟಿನ ಎಡದ ತೋಳನ್ನು ಬಲಕ್ಕೆ ಹೊಲಿದೆ. ಬಿಚ್ಚಿದೆ. ಮತ್ತೆ ಅದನ್ನೇ ಅಲ್ಲೇ ಹೊಲಿದೆ. ಇಸ್ತ್ರಿ ಮಾಮ ನೋಡಿಯೂ ಬಾಯಿ ಬಿಡಲಿಲ್ಲ. ಅವನೇ ಸುಮ್ಮನಿದ್ದಾನೆ ಅಂದರೆ ನನ್ನ ಮುಖ ಹೇಗಿರಬೇಕು.

ಮಾರ್ಚ್ 30, ಭಾನುವಾರ. ಸಂಜೆ

ಹೇಳಿದೆ.

ಬೂದು ಕೋಟಿನ ಟ್ರಯಲ್. ಅತ್ತಿಗೆ ಕನ್ನಡಿಯ ಮುಂದೆ ಕೈ ಚಾಚಿ ನಿಂತಿದ್ದರು. ಬಾಯಲ್ಲಿ ಪಿನ್ನು ಇಟ್ಟುಕೊಂಡಿದ್ದೆ, ಮಾತಾಡದಿರಲು ಒಳ್ಳೆಯ ನೆಪ. ಒಂದೊಂದೇ ಪಿನ್ನು ಖಾಲಿಯಾಯಿತು.

“ಹೋದ ವರ್ಷ ಕನ್ನಡಕದವರು ಬಂದಿದ್ರು ಅತ್ತಿಗೆ. ನಿಮ್ಮನ್ನ ಕೇಳೋಕೆ. ನೀವು ಬ್ಯಾಂಕಿಗೆ ಹೋಗಿದ್ರಿ.”

ಕೈ ಚಾಚಿದ್ದು ಹಾಗೇ ಇತ್ತು. “ಯಾವತ್ತು?”

“ಫೆಬ್ರವರಿ ಒಂಬತ್ತು.”

“ನೀನೇನಂದೆ?”

“ನಿಮಗೆ ಇಷ್ಟ ಇಲ್ಲ ಅಂದೆ.”

“ನನ್ನ ಕೇಳಿದ್ಯಾ?”

“ಇಲ್ಲ.”

ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಕೋಟಿನೊಳಗೆ ಬರೆಯುವ ಚಟವನ್ನೂ ಪರದೆಯ ಮೇಲೆ ಬರೆದದ್ದನ್ನೂ ಹೇಳಿದೆ, ಕನ್ನಡಕದವರು ಓದಿದ್ದನ್ನೂ ಹೇಳಿದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ.

“ಹದಿಮೂರು ತಿಂಗಳು” ಎಂದರು. “ಹೋದ ವರ್ಷ ಬೆಳಗ್ಗೆ ಏಳೋಕೇ ಮನಸ್ಸಾಗ್ತಿರ್ಲಿಲ್ಲ ನಂಗೆ. ಯಾಕೆ ಏಳ್ಬೇಕು ಅನ್ನಿಸ್ತಿತ್ತು. ನೀನೇ ದಿನಾ ಹಾಸಿಗೆ ಹತ್ರ ಕಾಫಿ ತಂದು ಕೊಡ್ತಿದ್ದೆ. ಆಗ್ಲೂ ಹೇಳ್ಲಿಲ್ಲ ನೀನು.”

ಕೋಟು ಕಳಚಿದರು. ಪಿನ್ನು ತಾಗಿ ಮುಂಗೈಯಲ್ಲಿ ಉದ್ದಕ್ಕೆ ಗೀರು. ನಾನು ಹಿಡಿಯಲು ಹೋದೆ, ಕೈ ಕೊಡಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಜೋರಾಗಿಯೂ ಹಾಕಲಿಲ್ಲ.

ಆ ಕಾಫಿ ನಾನೇ ಕಾಸಿಕೊಟ್ಟದ್ದು. ಆಗ ಅವರು ಹಾಗೆ ಮಲಗಿರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಅದೂ ನಿಜ. ಇಲ್ಲೇ ಮಲಗಿದ್ದಾರಲ್ಲ ಎಂದು ಸಮಾಧಾನವಾಗುತ್ತಿತ್ತು, ಅದೂ ನಿಜ.

ಏಪ್ರಿಲ್ 2

ಮಾತಿಲ್ಲ. ಗಿರಾಕಿಗಳ ಹತ್ತಿರ ನಗುತ್ತಾರೆ. ನನ್ನ ಕಡೆ ತಿರುಗಿದರೆ ಮುಖದಲ್ಲಿ ದೀಪ ಆರಿಸಿದ ಹಾಗೆ. ನನ್ನ ತಟ್ಟೆಗೆ ಬಡಿಸಿ ಮುಚ್ಚಿಟ್ಟು ತಾವು ಮೊದಲೇ ಉಂಡು ಏಳುತ್ತಾರೆ. ಬೈಯಬಾರದೇ? ಒಂದು ಲೋಟ ಎಸೆಯಬಾರದೇ?

ಏಪ್ರಿಲ್ 3

ಅವರ ರೂಮಿನಿಂದ ಒಂದು ಸದ್ದು. ಟಿಕ್. ಟಿಕ್. ನಿಂತು ಕೇಳಿದೆ. ನಮ್ಮ ಕಸುಬಿನವರಿಗೆ ಆ ಸದ್ದು ಕೇಳಿಸಿದರೆ ಸಾಕು. ಯಾರೋ ಹೊಲಿಗೆ ಬಿಚ್ಚುತ್ತಿದ್ದಾರೆ.

ಏಪ್ರಿಲ್ 4

ಬಾಗಿಲು ಸ್ವಲ್ಪ ತೆರೆದಿತ್ತು. ಇಣುಕಿದೆ. ತಪ್ಪು, ಆದರೆ ಇಣುಕಿದೆ.

ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಹೊಲಿದುಕೊಟ್ಟದ್ದೆಲ್ಲ ಹಾಸಿಗೆಯ ಮೇಲೆ. ಕೋಟುಗಳು, ಜಾಕೆಟ್ಟು, ದಿಂಬಿನ ಕವರು ಕೂಡ. ಒಂದೊಂದರ ಲೈನಿಂಗ್ ಬಿಚ್ಚುವುದು, ಕ್ಯಾನ್ವಾಸನ್ನು ಹೊರಗೆ ಮಗುಚುವುದು, ಕನ್ನಡಕ ಏರಿಸಿಕೊಂಡು ಓದುವುದು. ಕನ್ನಡಕದವರು ಮಾಡಿಕೊಟ್ಟ ಕನ್ನಡಕ.

ಏನೇನು ಬರೆದಿದ್ದೆನೋ ದೇವರೇ. ಅರೆಬರೆ ನೆನಪು. “ಸೊಂಟ ಎರಡಿಂಚು ಹೆಚ್ಚಿದೆ, ನಾನಂತೂ ಹೇಳುವುದಿಲ್ಲ” — ಅದು ನೀಲಿ ಜಾಕೆಟ್. “ಇವತ್ತೂ ಸಾರಿಗೆ ಉಪ್ಪು ಮರೆತರು, ಅಣ್ಣ ಸೊಗಸಾಗಿದೆ ಎಂದ, ಇಬ್ಬರಿಗೂ ಹುಚ್ಚು” — ಅದು ಯಾವುದರಲ್ಲೋ. ಇನ್ನು ಉಳಿದದ್ದು?

ಏಪ್ರಿಲ್ 6, ಭಾನುವಾರ

ಟಿಕ್ ಟಿಕ್ ಬೆಳಗ್ಗೆಯಿಂದ. ಮಧ್ಯೆ ಒಮ್ಮೆ ನಕ್ಕ ಸದ್ದು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಮೂಗು ಒರೆಸಿಕೊಂಡ ಸದ್ದು. ಕಂದು ಕೋಟು ಬಿಚ್ಚಿರಬೇಕು. ಅಣ್ಣ ಹಾಸಿಗೆ ಹಿಡಿದಿದ್ದಾಗ ಹೊಲಿದದ್ದು. ಅದರಲ್ಲಿ ಬರೆದದ್ದು ಮಾತ್ರ ಅಕ್ಷರ ಬಿಡದೆ ನೆನಪಿದೆ — “ಅಣ್ಣ ಎರಡು ತುತ್ತು ತಿಂದ. ಅತ್ತಿಗೆ ಮೂರು ದಿನದಿಂದ ಮಲಗಿಲ್ಲ. ಇವರೂ ಬಿದ್ದರೆ ನಾನು ಯಾರಿಗೆ ಬೈಯಲಿ.”

ಇವತ್ತು ಸಂಜೆ ಅವರು ಅಲ್ಲಿಗೂ ಹೋಗಲಿಲ್ಲ.

ಏಪ್ರಿಲ್ 7

ಎಂಟು ದಿನದ ಮೇಲೆ ಮೊದಲ ಮಾತು. ಗಿರಾಕಿ ಹೋದ ಮೇಲೆ, ಕೌಂಟರಿನ ಹಿಂದಿನಿಂದ, ನನ್ನ ಕಡೆ ನೋಡದೆ —

“ಅಣ್ಣ ತಂದಿರೋ ಹೆಂಗಸು ಹೆಚ್ಚು ದಿನ ಇರೋಳಲ್ಲ. ಹಾಗಂತ ಬರ್ದಿದ್ದೀಯ. ನನ್ನ ಮೊದಲನೇ ಕೋಟಿನಲ್ಲಿ.”

“ಆಗ ನಂಗೆ ಇಪ್ಪತ್ತೊಂದು, ಅತ್ತಿಗೆ.”

“ಇಪ್ಪತ್ತಾರು ವರ್ಷ ಇದ್ದೆ.”

ರಸೀದಿ ಪುಸ್ತಕ ಮುಚ್ಚಿ ಮೇಲೆ ಹೋದರು.

ಏಪ್ರಿಲ್ 8

ಬೂದು ಕೋಟು ಮುಗಿಸಿದೆ. ಮರದ ಗುಂಡಿ. ಕಾಲರಿನ ಬಕ್ರಂ ಮೂರು ಸಲ ಬದಲಾಯಿಸಿದೆ, ಕತ್ತಿಗೆ ತಿವಿಯಬಾರದು ಎಂದು. ಇಸ್ತ್ರಿ ಮಾಮ ಒಂದು ಗಂಟೆ ಹಿಡಿದು ಇಸ್ತ್ರಿ ಮಾಡಿದ. “ಹಾಕ್ಕೊಳ್ತಾರಾ?” ಎಂದ. ಗೊತ್ತಿಲ್ಲ ಎಂದೆ. ಅವರ ಬಾಗಿಲಿನ ಹಿಡಿಕೆಗೆ ತೂಗುಹಾಕಿ ಬಂದೆ. ಮಧ್ಯಾಹ್ನ ನೋಡಿದರೆ ಹಿಡಿಕೆ ಖಾಲಿ.

ಏಪ್ರಿಲ್ 9

ಕನ್ನಡಕದವರು ಅಂಗಡಿಗೆ ಬಂದಿದ್ದರು. ಅತ್ತಿಗೆಯ ಜೊತೆ ಮೇಲೆ ಕೂತು ಒಂದು ತಾಸು ಮಾತಾಡಿದರು. ಕೆಳಗೆ ಒಂದು ಅಕ್ಷರ ಕೇಳಿಸಲಿಲ್ಲ. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, “ನಾಳೆ ಒಂಬತ್ತಕ್ಕೆ” ಎಂದರು, ಅಷ್ಟೇ. ಹಾಗಾದರೆ ಮದುವೆ ಇದೆ. ನಾನು ಬರಬೇಕೋ ಬೇಡವೋ ಹೇಳಲಿಲ್ಲ. ಕೇಳಲು ನನಗೆ ಮುಖವಿಲ್ಲ.

ಅತ್ತಿಗೆ ಹೋಗುವುದು ಖಂಡಿತ ಎಂದು ತಿಳಿದ ಮೇಲೂ ಮನಸ್ಸು ಹಿಡಿದದ್ದು ಅದನ್ನಲ್ಲ. ಮಾತಾಡದೆ ಹೋಗಿಬಿಡುತ್ತಾರೆ — ಅದನ್ನು.

ಏಪ್ರಿಲ್ 10, ಗುರುವಾರ. ಬೆಳಗ್ಗೆ 7:50

ಬೇಗ ಬೇಗ ಬರೆಯಬೇಕು.

ಕೆಳಗೆ ಇಳಿದು ಬಂದರು. ತಲೆ ಬಾಚಿ, ಮುಖ ತೊಳೆದು ತಯಾರು. ಬೂದು ಕೋಟು ತೋಳಿನ ಮೇಲೆ. ಮೇಜಿನ ಮೇಲೆ ಹಾಸಿದರು. ಎಡ ಎದೆಯ ಲೈನಿಂಗ್ ಕಂಕುಳಿಂದ ಕೆಳ ಅಂಚಿನವರೆಗೆ ಬಿಚ್ಚಿದ್ದಾರೆ. ಇವತ್ತು ಹಾಕಿಕೊಳ್ಳಬೇಕಾದ ಕೋಟು!

“ಇದರಲ್ಲಿ ಏನೂ ಇಲ್ಲ.”

“ಇಲ್ಲ.”

“ಯಾಕೆ?”

“ಬರೆಯೋದು ಬಿಟ್ಟೆ.”

“ಬಿಡು ಅಂತ ಯಾರು ಹೇಳಿದ್ರು ನಿಂಗೆ? ಎಲ್ಲದರಲ್ಲೂ ಬರ್ದಿದ್ದೀಯ. ದಿಂಬಲ್ಲೂ ಬರ್ದಿದ್ದೀಯ. ಇದೊಂದನ್ನ ಖಾಲಿ ಕೊಟ್ಟು ಕಳಿಸ್ತೀಯಾ ನನ್ನ?”

ಪೆನ್ಸಿಲನ್ನು ಕ್ಯಾನ್ವಾಸಿನ ಮೇಲೆ ಇಟ್ಟರು. ಮುಂಗೈಯ ಗೀರು ಇನ್ನೂ ಮಾಸಿಲ್ಲ.

“ಮುಚ್ಚಿ ಹೊಲಿಯೋಕೆ ಎಷ್ಟು ಹೊತ್ತು ಬೇಕು?”

“ಇಪ್ಪತ್ತು ನಿಮಿಷ.”

“ಎಂಟೂವರೆಗೆ ಕಾರು ಬರುತ್ತೆ. ಸಾಕ್ಷಿಗೆ ನಿನ್ನ ಹೆಸರು ಕೊಟ್ಟಿದ್ದೆ, ಈಗ ಬದಲಾಯಿಸೋಕೆ ಆಗಲ್ಲವಂತೆ. ನೀನೂ ತಯಾರಾಗು.”

ಬದಲಾಯಿಸಲು ಆಗುವುದಿಲ್ಲವೋ, ಇವರೇ ಬದಲಾಯಿಸಲಿಲ್ಲವೋ. ಮೆಟ್ಟಿಲ ಹತ್ತಿರ ನಿಂತು, “ಈಗ ಓದಲ್ಲ ನಾನು. ಯಾವತ್ತು ಬಿಚ್ಚಿ ಓದ್ತೀನೋ ಅದೂ ಹೇಳಲ್ಲ” ಎಂದರು. ಹೋದರು.

ಕ್ಷಮಿಸಿದರೇ? ಹಾಗೇನೂ ಕಾಣಲಿಲ್ಲ. ಮುಖ ಇನ್ನೂ ಬಿಗಿಯಾಗಿಯೇ ಇತ್ತು.

8:05

ಪೆನ್ಸಿಲ್ ಹಿಡಿದು ಕೂತಿದ್ದೇನೆ. ಇಪ್ಪತ್ತೇಳು ವರ್ಷ ಯಾರೂ ಓದುವುದಿಲ್ಲ ಎಂದು ಗೀಚಿದವಳು. ಈಗ ಓದುವವರು ಇದ್ದಾರೆ, ಒಂದು ಅಕ್ಷರ ಹುಟ್ಟುತ್ತಿಲ್ಲ. ತಪ್ಪಾಯಿತು ಎಂದರೆ ಸಾಲದು. ಸುಖವಾಗಿರಿ ಎಂದರೆ ಅರ್ಧ ಸುಳ್ಳು, ಅವರಿಗೆ ಗೊತ್ತಾಗುತ್ತದೆ. ಇರಬೇಡಿ ಎನ್ನಲಾರೆ, ಇನ್ನು ಆ ಹಕ್ಕಿಲ್ಲ.

8:09. ಸೂಜಿಗೆ ದಾರ ಹಾಕಿಟ್ಟಿದ್ದೇನೆ. ಮೇಲೆ ಅವರು ಓಡಾಡುವ ಸದ್ದು.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಸರಿಯಾದರೆ ಅದನ್ನೇ ಬಟ್ಟೆಗೆ ಇಳಿಸುವುದು.

ಅತ್ತಿಗೆ, ನೀನು